ಮಂಗಳನ ಮೀಥೇನ್ ಹುಡುಕಿದ ಪೀಣ್ಯದಲ್ಲಿ ನೆಲದ ಸೋರಿಕೆಗೆ ಲೆಕ್ಕವಿಲ್ಲ

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಇಡೀ ದೇಶದ ಕಣ್ಣು ಬೆಂಗಳೂರಿನ ಪೀಣ್ಯದ ಮೇಲಿತ್ತು. ಅಲ್ಲಿರುವ ಇಸ್ರೊದ ಇಸ್ಟ್ರ್ಯಾಕ್ ಕೇಂದ್ರದಲ್ಲಿ ಕುಳಿತ ವಿಜ್ಞಾನಿಗಳು ಮಂಗಳಯಾನ ನೌಕೆಯನ್ನು ಮಂಗಳ ಗ್ರಹದ ಕಕ್ಷೆಗೆ ಸೇರಿಸಿದ ದಿನ ಅದು. ನೌಕೆಯಲ್ಲಿ ಐದು ಉಪಕರಣಗಳಿದ್ದವು. ಅವುಗಳಲ್ಲೊಂದು ಮೀಥೇನ್ ಸೆನ್ಸರ್. ಮಂಗಳನ ವಾತಾವರಣದಲ್ಲಿ ಮೀಥೇನ್ ಅನಿಲದ ಸುಳಿವು ಸಿಕ್ಕರೆ ಅಲ್ಲಿ ಜೀವವಿತ್ತೇ ಎಂಬ ಪ್ರಶ್ನೆಗೆ ಒಂದು ಎಳೆ ಸಿಗಬಹುದು ಎಂಬ ಆಸೆ. ಆದರೆ ಆ ಸೆನ್ಸರ್‌ಗೆ ಮೀಥೇನಿನ ಗುರುತನ್ನು ಇಂಗಾಲದ ಡೈಆಕ್ಸೈಡಿನ ಗುರುತಿನಿಂದ ಬೇರ್ಪಡಿಸಿ ಹೇಳುವುದು ಕಷ್ಟವಾಯಿತು. ಕೊನೆಗೆ ಅದನ್ನು ಮಂಗಳನ ನೆಲ ಎಷ್ಟು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ ಎಂದು ಅಳೆಯಲು ಬಳಸಿಕೊಂಡರು.

ಇದನ್ನು ಇಸ್ರೊವನ್ನು ಚುಚ್ಚಲು ಹೇಳುತ್ತಿಲ್ಲ. ಮೀಥೇನ್ ಅಳೆಯುವುದು ಸುಲಭದ ಕೆಲಸವಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ಅಕ್ಕಪಕ್ಕದ ಅನಿಲಗಳ ಜೊತೆ ಬೆರೆತು ಕೂರುತ್ತದೆ. ಈಗ ಅದೇ ಪೀಣ್ಯದ ರಸ್ತೆಗಳಡಿ ಮೀಥೇನ್ ಹರಿಯುತ್ತಿದೆ. ಕೊಳವೆ ಮೂಲಕ ಬರುವ ನೈಸರ್ಗಿಕ ಅನಿಲ, ಅಂದರೆ ಪಿಎನ್‌ಜಿ ಎಂದು ನಾವು ಕರೆಯುವುದರ ಬಹುಪಾಲು ಮೀಥೇನೇ. ಅದು ಹರಿಯುವ ದಾರಿಯಲ್ಲಿ ಎಷ್ಟು ಸೋರುತ್ತದೆ ಎಂಬ ಪ್ರಶ್ನೆಯನ್ನು ಎಂಜಿನಿಯರಿಂಗ್ ಓದುತ್ತಿರುವ ನಮ್ಮಂಥವರು ಕೇಳಿಕೊಳ್ಳಬೇಕಾದ ಹೊತ್ತು ಇದು. ಜಗತ್ತಿನ ಬೇರೆ ಕಡೆ ಈ ಪ್ರಶ್ನೆ ಈಗಾಗಲೇ ಕಾನೂನಾಗಿದೆ, ಕಾನೂನಿನ ಹಿಂದೆಯೇ ಉದ್ಯೋಗವೂ ಹುಟ್ಟಿದೆ.

ಮೊದಲು ಈ ಅನಿಲ ಎಲ್ಲಿಂದ ಬರುತ್ತದೆ ನೋಡೋಣ. ಮಹಾರಾಷ್ಟ್ರದ ರತ್ನಾಗಿರಿ ಕರಾವಳಿಯ ದಾಭೋಲ್‌ನಿಂದ ಬೆಳಗಾವಿ, ಧಾರವಾಡ ಭಾಗಗಳನ್ನು ಹಾದು ಬೆಂಗಳೂರಿಗೆ ಬರುವ ಗೇಲ್ ಸಂಸ್ಥೆಯ ಪೈಪ್‌ಲೈನ್ 2013ರಲ್ಲಿ ಶುರುವಾಯಿತು. ನಗರದೊಳಗೆ ಹಂಚುವ ಹೊಣೆ ಗೇಲ್ ಗ್ಯಾಸ್ ಸಂಸ್ಥೆಯದು. ದಾಭೋಲ್‌ನಲ್ಲಿ ಹಡಗಿನಿಂದ ಇಳಿಯುವುದು ಅತಿ ತಂಪಿನಲ್ಲಿ ದ್ರವವಾಗಿಸಿದ ಅನಿಲ. ಅಮೆರಿಕದ ಜೊತೆಗಿನ ದೀರ್ಘಾವಧಿ ಒಪ್ಪಂದದ ಮೊದಲ ಹಡಗು 2018ರ ಮಾರ್ಚ್‌ನಲ್ಲಿ ಬಂದು ನಿಂತದ್ದೂ ಇದೇ ದಾಭೋಲ್‌ನಲ್ಲಿ. ಅಂದರೆ ಪೀಣ್ಯದ ಕುಲುಮೆಯೊಂದರಲ್ಲಿ ಉರಿಯುವ ನೀಲಿ ಜ್ವಾಲೆಯ ಮೂಲ ಅಮೆರಿಕದ ಯಾವುದೋ ಬಾವಿಯಾಗಿರಬಹುದು. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಕವಾಟ, ಎಷ್ಟು ಕಂಪ್ರೆಸರ್, ಎಷ್ಟು ಬೆಸುಗೆ! ಪ್ರತಿಯೊಂದೂ ಸೋರುವ ಸಾಧ್ಯತೆ ಇರುವ ಜಾಗ.

ಡೀಸೆಲ್, ಫರ್ನೇಸ್ ಆಯಿಲ್ ಬಿಟ್ಟು ಪಿಎನ್‌ಜಿಗೆ ಬನ್ನಿ, ಇದು ಶುದ್ಧ ಇಂಧನ ಎಂದು ಕಾರ್ಖಾನೆಗಳಿಗೆ ಹೇಳಲಾಗುತ್ತದೆ. ಉರಿಸಿದರೆ ಅದು ನಿಜವೇ. ಹೊಗೆ ಕಡಿಮೆ, ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ದೇಶದ ಇಂಧನ ಬಳಕೆಯಲ್ಲಿ ನೈಸರ್ಗಿಕ ಅನಿಲದ ಪಾಲನ್ನು ಸುಮಾರು ಶೇ 6ರಿಂದ 2030ರ ಹೊತ್ತಿಗೆ ಶೇ 15ಕ್ಕೆ ಏರಿಸುವುದು ಕೇಂದ್ರ ಸರ್ಕಾರದ ಗುರಿ. ಆದರೆ ಈ ಶುದ್ಧತೆಗೆ ಒಂದು ಷರತ್ತಿದೆ: ಅನಿಲ ಉರಿಯಬೇಕು. ಉರಿಯದೆ ಗಾಳಿಗೆ ಸೇರಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಆ ಲೆಕ್ಕವನ್ನು ನಾನೇ ಕಾಗದದ ಮೇಲೆ ಹಾಕಿ ನೋಡಿದೆ. ಒಂದು ಪೈಪಿನ ಜೋಡಣೆಯಿಂದ ನಿಮಿಷಕ್ಕೆ ಒಂದು ಲೀಟರ್ ಮೀಥೇನ್ ಸೋರುತ್ತಿದೆ ಎಂದುಕೊಳ್ಳಿ. ದಿನಕ್ಕೆ 1,440 ಲೀಟರ್, ವರ್ಷಕ್ಕೆ ಸುಮಾರು 525 ಘನ ಮೀಟರ್. ತೂಕದಲ್ಲಿ ಹೇಳಿದರೆ ಸುಮಾರು 350 ಕೆ.ಜಿ. ಇಷ್ಟನ್ನು ಒಲೆಯಲ್ಲಿ ಉರಿಸಿದ್ದರೆ ಒಂದು ಟನ್ ಆಸುಪಾಸು ಇಂಗಾಲದ ಡೈಆಕ್ಸೈಡ್ ಬರುತ್ತಿತ್ತು. ಉರಿಸದೆ ಬಿಟ್ಟರೆ? ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಪ್ರಕಾರ ಪಳೆಯುಳಿಕೆ ಮೂಲದ ಮೀಥೇನ್ 100 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 30 ಪಟ್ಟು, 20 ವರ್ಷದ ಲೆಕ್ಕದಲ್ಲಿ 82 ಪಟ್ಟಿಗಿಂತ ಹೆಚ್ಚು ಶಾಖ ಹಿಡಿಯುತ್ತದೆ. ಅದರಂತೆ ನಮ್ಮ ಆ ಒಂದು ಜೋಡಣೆಯ ಕೊಡುಗೆ ನೂರು ವರ್ಷದ ಲೆಕ್ಕದಲ್ಲಿ 10 ಟನ್‌ಗೂ ಮೀರಿ, ಇಪ್ಪತ್ತು ವರ್ಷದ ಲೆಕ್ಕದಲ್ಲಿ 28 ಟನ್‌ಗೂ ಮೀರಿ. ನಾಲ್ಕು ಸಾವಿರ ಲೀಟರ್‌ನಷ್ಟು ಡೀಸೆಲ್ ಸುಟ್ಟರೆ ಬರುವ ಹೊಗೆಗೆ ಹತ್ತಿರ ಹತ್ತಿರ ಸಮ, ಅದೂ ಕಡಿಮೆ ಅಂಕಿ ಹಿಡಿದರೆ. ಇಷ್ಟಾಗಿಯೂ ನಿಮಿಷಕ್ಕೆ ಒಂದು ಲೀಟರ್ ಸೋರಿಕೆ, ಗಾಳಿಯಾಡುವ ದೊಡ್ಡ ಶೆಡ್ಡಿನಲ್ಲಿ ಯಾರ ಗಮನಕ್ಕೂ ಬಾರದೆ ವರ್ಷಗಟ್ಟಲೆ ಇರಬಹುದು.

ಗಮನಕ್ಕೆ ಬಾರದಿರುವುದಕ್ಕೆ ಕಾರಣ ನಮ್ಮ ಬೇಜವಾಬ್ದಾರಿ ಒಂದೇ ಅಲ್ಲ. ನಮ್ಮ ಉಪಕರಣ, ನಮ್ಮ ನಿಯಮ, ನಮ್ಮ ಪಠ್ಯ ಎಲ್ಲವೂ ಬೇರೊಂದು ಪ್ರಶ್ನೆಗೆ ಉತ್ತರಿಸಲು ತಯಾರಾದವು. ಆ ಪ್ರಶ್ನೆ: ಇದು ಸ್ಫೋಟವಾಗುತ್ತದೆಯೇ?

ಮೀಥೇನ್ ಗಾಳಿಯಲ್ಲಿ ಶೇ 5ರಿಂದ ಶೇ 15ರ ನಡುವೆ ಇದ್ದಾಗ ಮಾತ್ರ ಕಿಡಿ ಸೋಕಿದರೆ ಹೊತ್ತಿಕೊಳ್ಳುತ್ತದೆ. ಶೇ 5 ಅಂದರೆ ಹತ್ತು ಲಕ್ಷ ಭಾಗದಲ್ಲಿ 50,000 ಭಾಗ, ಎಂಜಿನಿಯರುಗಳ ಭಾಷೆಯಲ್ಲಿ 50,000 ಪಿಪಿಎಂ. ಅದಕ್ಕಿಂತ ಬಹಳ ಮುಂಚೆಯೇ ಎಚ್ಚರಿಸಬೇಕು ಎಂದು ಸುರಕ್ಷತಾ ಅಲಾರಂಗಳನ್ನು ಸಾಮಾನ್ಯವಾಗಿ ಇದರ ಹತ್ತನೇ ಒಂದು ಅಥವಾ ಐದನೇ ಒಂದು ಭಾಗಕ್ಕೆ, ಅಂದರೆ 5,000–10,000 ಪಿಪಿಎಂಗೆ ಹೊಂದಿಸುತ್ತಾರೆ. ಅನಿಲಕ್ಕೆ ಬೆರೆಸುವ ಮರ್ಕ್ಯಾಪ್ಟನ್ ಎಂಬ ಕೊಳೆತ ವಾಸನೆಯ ವಸ್ತುವಿಗೂ ಸಾಮಾನ್ಯ ನಿಯಮ ಇದೇ: ಸ್ಫೋಟದ ಕನಿಷ್ಠ ಮಿತಿಯ ಐದನೇ ಒಂದು ಭಾಗ ತಲುಪುವ ಮುಂಚೆ ಮೂಗಿಗೆ ಗೊತ್ತಾಗಬೇಕು. ಜೀವ ಉಳಿಸಲು ಈ ಅಂಕಿಗಳು ಸರಿ. ಆದರೆ ಹೊರಗಿನ ಸಹಜ ಗಾಳಿಯಲ್ಲಿ ಮೀಥೇನ್ ಇರುವುದು ಎರಡು ಪಿಪಿಎಂಗಿಂತ ಸ್ವಲ್ಪ ಕಡಿಮೆ. ಎರಡಕ್ಕೂ ಐದು ಸಾವಿರಕ್ಕೂ ನಡುವಿನ ಆ ದೊಡ್ಡ ಬಯಲಿನಲ್ಲಿ ಏನು ಸೋರಿದರೂ ಸುರಕ್ಷತಾ ಉಪಕರಣಕ್ಕೆ ಅದು ಸೋರಿಕೆಯೇ ಅಲ್ಲ.

ಹೊರಸೂಸುವಿಕೆಯ ಕಾನೂನುಗಳು ಹುಡುಕುವುದು ಈ ಬಯಲಿನಲ್ಲಿ. ಅಮೆರಿಕದ ಪರಿಸರ ಸಂಸ್ಥೆಯ ‘ಮೆಥಡ್ 21’ ಎಂಬ ಪದ್ಧತಿಯಲ್ಲಿ ಉಪಕರಣದ ಮೂತಿಯನ್ನು ಪ್ರತಿ ಕವಾಟ, ಪ್ರತಿ ಫ್ಲ್ಯಾಂಜ್‌ನ ಅಂಚಿಗೆ ಹಿಡಿದು ನೋಡುತ್ತಾರೆ. ಅನೇಕ ಬಿಡಿಭಾಗಗಳಿಗೆ 500 ಪಿಪಿಎಂ ದಾಟಿದರೆ ಅದು ಸೋರಿಕೆ, ರಿಪೇರಿ ಮಾಡಲೇಬೇಕು. ಯುರೋಪಿಯನ್ ಒಕ್ಕೂಟದ ಮೀಥೇನ್ ಕಾನೂನು 2024ರ ಆಗಸ್ಟ್ 4ರಂದು ಜಾರಿಗೆ ಬಂತು. ಅಲ್ಲಿಯೂ ಬಿಗಿ ತಪಾಸಣೆಯ ಮಟ್ಟ 500 ಪಿಪಿಎಂ. ಸೋರಿಕೆ ಕಂಡ ಮೇಲೆ ಐದು ದಿನದೊಳಗೆ ರಿಪೇರಿಯ ಮೊದಲ ಪ್ರಯತ್ನ ಆಗಬೇಕು, 30 ದಿನದೊಳಗೆ ಮುಗಿಯಬೇಕು ಎಂಬುದು ಸಾಮಾನ್ಯ ನಿಯಮ. ಹುಡುಕು, ರಿಪೇರಿ ಮಾಡು, ಮತ್ತೆ ಅಳೆದು ಬರೆದಿಡು. ಈ ಚಕ್ರಕ್ಕೆ ಉದ್ಯಮದಲ್ಲಿ ಎಲ್‌ಡಿಎಆರ್ ಎಂದು ಹೆಸರು. ಕೆಲಸ ಹುಡುಕುತ್ತಿರುವವರು ಈ ನಾಲ್ಕಕ್ಷರವನ್ನು ಗುರುತು ಹಾಕಿಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಈಗ ನಮ್ಮ ಕಾಲೇಜುಗಳ ಕಡೆ ಬರೋಣ. ಎಲೆಕ್ಟ್ರಾನಿಕ್ಸ್ ಓದುವ ಹತ್ತು ಬ್ಯಾಚ್‌ಗಳಲ್ಲಿ ಒಂದಾದರೂ ‘ಗ್ಯಾಸ್ ಲೀಕೇಜ್ ಡಿಟೆಕ್ಷನ್’ ಎಂಬ ಮಿನಿ ಪ್ರಾಜೆಕ್ಟ್ ಮಾಡಿರುತ್ತದೆ ಎಂದು ನಾನು ಬೆಟ್ಟು ಕಟ್ಟಲು ಸಿದ್ಧ. ಎಸ್‌.ಪಿ. ರೋಡಿನಲ್ಲಿ ಇನ್ನೂರು ರೂಪಾಯಿ ಆಸುಪಾಸಿಗೆ ಸಿಗುವ ಎಂಕ್ಯೂ ಸರಣಿಯ ಸೆನ್ಸರ್, ಒಂದು ಆರ್ಡುಯಿನೊ, ಒಂದು ಬಝರ್, ಎಸ್‌ಎಂಎಸ್ ಕಳಿಸಲು ಜಿಎಸ್‌ಎಂ ಮಾಡ್ಯೂಲ್. ಪರೀಕ್ಷಕರ ಮುಂದೆ ಸಿಗರೇಟ್ ಲೈಟರ್ ಒತ್ತಿ ಹಿಡಿದರೆ ಬಝರ್ ಕೂಗುತ್ತದೆ, ಎಲ್ಲರಿಗೂ ಖುಷಿ. ಲೈಟರಿನಲ್ಲಿರುವುದು ಬ್ಯುಟೇನ್, ಮೀಥೇನ್ ಅಲ್ಲ ಎಂದು ಕೇಳುವವರು ಕಡಿಮೆ. ಎಂಕ್ಯೂ-4 ಎಂಬ ಮಾದರಿ ಮೀಥೇನಿಗೇ ಎಂದು ಮಾಡಿದ್ದು. ಅದರೊಳಗೆ ಬಿಸಿಯಾದ ತವರದ ಆಕ್ಸೈಡ್ ಪದರವಿದೆ. ಉರಿಯುವ ಅನಿಲ ತಾಗಿದಾಗ ಅದರ ವಿದ್ಯುತ್ ನಿರೋಧ ಇಳಿಯುತ್ತದೆ. ಸಮಸ್ಯೆ ಏನೆಂದರೆ ಅಡುಗೆ ಅನಿಲ, ಆಲ್ಕೊಹಾಲ್ ಆವಿ ತಾಗಿದರೂ ಒಂದಿಷ್ಟು ಇಳಿಯುತ್ತದೆ. ಗಾಳಿಯ ತೇವ, ಉಷ್ಣತೆ ಬದಲಾದರೂ ಅಂಕಿ ಅಲುಗಾಡುತ್ತದೆ. ಮಳೆ ಬಂದ ಸಂಜೆಯ ಬೆಂಗಳೂರಿನಲ್ಲಿ ಅದನ್ನು ಹೊರಗಿಟ್ಟು ನೋಡಿದರೆ ತಿಳಿಯುತ್ತದೆ. ಅದರ ಅಳತೆಯ ವ್ಯಾಪ್ತಿ ಶುರುವಾಗುವುದೇ ನೂರಾರು ಪಿಪಿಎಂನಿಂದ. ಅಡುಗೆಮನೆಯ ಅಲಾರಂಗೆ ಇದು ಸಾಕು. ಕಾನೂನಿಗೆ ಒಪ್ಪಿಸುವ ಲೆಕ್ಕಕ್ಕೆ ಸಾಲದು. ಮಂಗಳಯಾನದ ಸೆನ್ಸರ್ ಎದುರಿಸಿದ ತೊಡಕೂ ಜಾತಿಯಲ್ಲಿ ಇದೇ: ಕಂಡದ್ದು ಮೀಥೇನೇ ಎಂದು ಖಚಿತವಾಗಿ ಹೇಳುವುದು ಹೇಗೆ?

ಅದಕ್ಕೆ ಸಿಕ್ಕಿರುವ ಒಳ್ಳೆಯ ಉತ್ತರ ಬೆಳಕು. ಮೀಥೇನ್ ಅಣು ಕೆಲವು ನಿರ್ದಿಷ್ಟ ತರಂಗಾಂತರಗಳ ಅವಕೆಂಪು ಕಿರಣವನ್ನು ಮಾತ್ರ ನುಂಗುತ್ತದೆ. 1.65 ಮೈಕ್ರೊಮೀಟರ್ ಬಳಿ ಒಂದು ಗುರುತು, 3.3ರ ಬಳಿ ಇನ್ನೊಂದು ಗಾಢ ಗುರುತು. ಲೇಸರನ್ನು ಸರಿಯಾಗಿ ಆ ತರಂಗಾಂತರಕ್ಕೆ ಶ್ರುತಿ ಮಾಡಿ ಬಿಟ್ಟರೆ, ಹಿಂತಿರುಗಿದ ಬೆಳಕಿನಲ್ಲಿ ಎಷ್ಟು ಕಳೆದುಹೋಯಿತು ಎಂಬುದರಿಂದ ದಾರಿಯಲ್ಲಿದ್ದ ಮೀಥೇನ್ ಎಷ್ಟು ಎಂದು ಹೇಳಬಹುದು. ಕೈಯಲ್ಲಿ ಹಿಡಿಯುವ ಟಾರ್ಚಿನಂಥ ಉಪಕರಣಗಳು ಹತ್ತಾರು ಮೀಟರ್ ದೂರದಿಂದಲೇ, ಎತ್ತರದ ಪೈಪಿಗೆ ಏಣಿ ಹಾಕದೆ, ಈ ಕೆಲಸ ಮಾಡುತ್ತವೆ. 3.3 ಮೈಕ್ರೊಮೀಟರ್ ಬಳಿ ನೋಡುವ ಥರ್ಮಲ್ ಕ್ಯಾಮೆರಾಗಳಲ್ಲಿ ಸೋರಿಕೆ ಹೊಗೆಯಂತೆ ಕಣ್ಣಿಗೇ ಕಾಣುತ್ತದೆ. ಇವುಗಳ ಬೆಲೆ ಹಲವು ಲಕ್ಷ ರೂಪಾಯಿ. ಅನಿಲಕ್ಕೂ ಹಿನ್ನೆಲೆಗೂ ಉಷ್ಣತೆಯ ವ್ಯತ್ಯಾಸ ಇಲ್ಲದಿದ್ದರೆ ಅವೂ ಕುರುಡು. ಹಾಗಾಗಿ ಕ್ಯಾಮೆರಾ ಹಿಡಿದವರ ತರಬೇತಿ ಕ್ಯಾಮೆರಾದಷ್ಟೇ ಮುಖ್ಯ.

ಅಳತೆಯಲ್ಲಿ ಇನ್ನೊಂದು ಗಂಟು ಇದೆ. ಪಿಪಿಎಂ ಹೇಳುವುದು ಆ ಬಿಂದುವಿನಲ್ಲಿ ಅನಿಲ ಎಷ್ಟು ದಟ್ಟವಾಗಿದೆ ಎಂದು. ಗಂಟೆಗೆ ಎಷ್ಟು ಗ್ರಾಂ ಹೋಗುತ್ತಿದೆ ಎಂದಲ್ಲ. ಗಾಳಿ ಬೀಸಿದರೆ ದೊಡ್ಡ ಸೋರಿಕೆಯೂ ಸಣ್ಣ ಅಂಕಿ ತೋರಿಸುತ್ತದೆ, ಮುಚ್ಚಿದ ಮೂಲೆಯಲ್ಲಿ ಸಣ್ಣದೂ ದೊಡ್ಡದಾಗುತ್ತದೆ. ಗಂಟೆಯ ಗ್ರಾಂ ಲೆಕ್ಕಕ್ಕೆ ಸೋರುವ ಜಾಗವನ್ನು ಚೀಲದಿಂದ ಮುಚ್ಚಿ ಅಥವಾ ತಿಳಿದ ವೇಗದಲ್ಲಿ ಗಾಳಿ ಎಳೆದು ಅಳೆಯಬೇಕು. ಇಲ್ಲವೇ ಗಾಳಿಯ ವೇಗ, ದಿಕ್ಕು ಸೇರಿಸಿ ಗಣಿತದ ಮಾದರಿ ಕಟ್ಟಬೇಕು. ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯರಿಗೆ ಇಲ್ಲಿ ನಿಜವಾದ ಕೆಲಸವಿದೆ.

ಕೆಲವು ತಿಂಗಳ ಹಿಂದೆ ಪೀಣ್ಯದ ಒಂದು ಸಣ್ಣ ಹೀಟ್ ಟ್ರೀಟ್‌ಮೆಂಟ್ ಘಟಕಕ್ಕೆ ನಾವು ನಾಲ್ವರು ಹೋಗಿದ್ದೆವು. ಗ್ಯಾಸ್ ಲೈನಿನ ಜೋಡಣೆಗಳನ್ನು ಹೇಗೆ ಪರೀಕ್ಷಿಸುತ್ತೀರಿ ಎಂದು ಕೇಳಿದೆವು. ಅಲ್ಲಿನ ಮೇಲ್ವಿಚಾರಕರು ನಗುತ್ತಾ ಒಂದು ಪ್ಲಾಸ್ಟಿಕ್ ಮಗ್ ಮತ್ತು ಬಣ್ಣ ಬಳಿಯುವ ಬ್ರಷ್ ತೋರಿಸಿದರು. ಸೋಪಿನ ನೀರು. ಗುಳ್ಳೆ ಬಂದರೆ ಸೋರಿಕೆ. ‘ಇಪ್ಪತ್ತು ವರ್ಷದಿಂದ ಇದೇ, ಮೋಸ ಮಾಡಿಲ್ಲ’ ಎಂದರು. ನಮ್ಮಲ್ಲೊಬ್ಬ ಮುಖ ಕಿವುಚಿದ. ನನಗೆ ಹಾಗನಿಸಲಿಲ್ಲ. ಸೋಪಿನ ನೀರು ಒಳ್ಳೆಯ ಪರೀಕ್ಷೆಯೇ. ಅಮೆರಿಕದ ಮೆಥಡ್ 21 ಕೂಡ ಅದಕ್ಕೆ ಜಾಗ ಕೊಟ್ಟಿದೆ. ನಾನು ಕೇಳಿದ ಮುಂದಿನ ಪ್ರಶ್ನೆಗೆ ಮಾತ್ರ ಅವರ ಬಳಿ ಉತ್ತರ ಇರಲಿಲ್ಲ: ಹೋದ ವರ್ಷ ಎಷ್ಟು ಕಡೆ ಗುಳ್ಳೆ ಬಂತು, ಎಲ್ಲಾದರೂ ಬರೆದಿಟ್ಟಿದ್ದೀರಾ? ಬರೆದಿಡಲು ಅವರಿಗೆ ಯಾರೂ ಹೇಳಿಲ್ಲ. ಬಿಲ್ಲಿನಲ್ಲಿ ಬರುವ ಅನಿಲದಲ್ಲಿ ಎಷ್ಟು ಉರಿಯಿತು, ಎಷ್ಟು ಹಾರಿಹೋಯಿತು ಎಂದು ಬಿಡಿಸಿ ನೋಡುವ ಅಭ್ಯಾಸ ಆ ಘಟಕದಲ್ಲಿ ಇರಲಿಲ್ಲ. ಹಾರಿಹೋದದ್ದಕ್ಕೂ ದುಡ್ಡು ಕಟ್ಟಿರುತ್ತಾರೆ ಎನ್ನುವುದು ಬೇರೆ ಮಾತು.

ಸುರಕ್ಷತೆಯ ಪ್ರಶ್ನೆ ಸಣ್ಣದು ಎಂದು ಯಾರೂ ತಿಳಿಯಬೇಡಿ. 2014ರ ಜೂನ್ 27ರಂದು ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಎಂಬ ಹಳ್ಳಿಯಲ್ಲಿ ಗೇಲ್ ಪೈಪ್‌ಲೈನಿನಿಂದ ಸೋರಿದ ಅನಿಲಕ್ಕೆ ಬೆಂಕಿ ತಗುಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ನಮ್ಮ ಊರಲ್ಲೇ 2023ರ ಮಾರ್ಚ್‌ನಲ್ಲಿ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ನೆಲ ಅಗೆಯುವಾಗ ಗ್ಯಾಸ್ ಪೈಪ್‌ಗೆ ಪೆಟ್ಟು ಬಿದ್ದು ಸ್ಫೋಟವಾಯಿತು, ಜನರಿಗೆ ಗಾಯವಾಯಿತು, ಮನೆಗಳಿಗೆ ಹಾನಿಯಾಯಿತು. ಅದೇ ತಿಂಗಳ 22ರಂದು ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಿಡುಗಡೆ ಮಾಡಿತು. ಅಗೆಯುವ ಮುಂಚೆ, ಕೆಳಗೆ ಯಾರ ಪೈಪು ಯಾರ ಕೇಬಲ್ಲು ಇದೆ ಎಂದು ಕೇಳಿಕೊಳ್ಳುವ ವ್ಯವಸ್ಥೆ ಅದು. ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ವರ್ಷವಿಡೀ ಅಗೆತ ನಡೆಯುವ ಊರಿನಲ್ಲಿ ನಗರ ಅನಿಲ ಜಾಲದ ದೊಡ್ಡ ಶತ್ರು ತುಕ್ಕಲ್ಲ, ಜೆಸಿಬಿ. ಪೈಪ್ ಹರಿದರೆ ಗೊತ್ತಾಗುತ್ತದೆ. ಪೆಟ್ಟು ತಿಂದು ಸಣ್ಣಗೆ ಬಿರುಕು ಬಿಟ್ಟು, ಮೇಲೆ ಮಣ್ಣು ಮುಚ್ಚಿ ಡಾಂಬರು ಬಿದ್ದರೆ? ಇಲ್ಲಿ ಎರಡು ಪ್ರಶ್ನೆಗಳೂ ಒಂದಾಗುತ್ತವೆ. ಹವಾಮಾನದ ಹೆಸರಿನಲ್ಲಿ 500 ಪಿಪಿಎಂ ಹುಡುಕುವ ಉಪಕರಣ ನಾಳೆಯ ಸ್ಫೋಟವನ್ನು ಇಂದೇ ಕಾಣಬಲ್ಲದು.

ನಮ್ಮ ನಿಯಮಗಳಲ್ಲಿ ಏನಿದೆ? ನಗರ ಅನಿಲ ಜಾಲಗಳಿಗೆ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ 2008ರಲ್ಲಿ ರೂಪಿಸಿದ ತಾಂತ್ರಿಕ ಹಾಗೂ ಸುರಕ್ಷತಾ ಮಾನದಂಡಗಳಿವೆ. ಹೆಸರೇ ಹೇಳುವಂತೆ ಅವುಗಳ ಕಣ್ಣು ಸುರಕ್ಷತೆಯ ಮೇಲೆ. ಅದೇ 2008ರಲ್ಲಿ ತೈಲ ಶುದ್ಧೀಕರಣ ಘಟಕಗಳಿಗೆ ಬಂದ ಪರಿಸರ ಮಾನದಂಡಗಳಲ್ಲಿ ಎಲ್‌ಡಿಎಆರ್ ಇದೆ. ಆದರೆ ಅದರ ಗುರಿ ಬೆಂಜೀನ್‌ನಂಥ ಆವಿಯಾಗುವ ಸಾವಯವ ವಸ್ತುಗಳು. ಅಂದರೆ ಈ ಪದ್ಧತಿ ನಮಗೆ ಅಪರಿಚಿತವಲ್ಲ, ಮೀಥೇನಿಗೆ ಮಾತ್ರ ಅನ್ವಯಿಸಿಲ್ಲ. 2023ರಲ್ಲಿ ಬಂದ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯ ಕಡ್ಡಾಯ ಭಾಗವೂ ಸದ್ಯ ಇಂಗಾಲದ ಡೈಆಕ್ಸೈಡ್ ಮತ್ತು ಪರ್‌ಫ್ಲೋರೊಕಾರ್ಬನ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಒಂದು ಕಾರ್ಖಾನೆ ಡೀಸೆಲ್‌ನಿಂದ ಪಿಎನ್‌ಜಿಗೆ ಬಂದರೆ ಹೊಗೆ ಇಳಿದದ್ದು ಕಾಗದದಲ್ಲಿ ಕಾಣುತ್ತದೆ, ಸೋರಿಕೆ ಏರಿದ್ದು ಕಾಣುವುದಿಲ್ಲ.

ಜಾಗತಿಕ ಮೀಥೇನ್ ಪ್ರತಿಜ್ಞೆಗೆ ಭಾರತ ಸಹಿ ಹಾಕಿಲ್ಲ. 2021ರ ಗ್ಲಾಸ್ಗೊ ಸಮ್ಮೇಳನದಲ್ಲಿ ಶುರುವಾದ ಇದರ ಗುರಿ, 2020ಕ್ಕೆ ಹೋಲಿಸಿದರೆ 2030ರೊಳಗೆ ಜಾಗತಿಕ ಮೀಥೇನನ್ನು ಶೇ 30ರಷ್ಟು ತಗ್ಗಿಸುವುದು. ಸಹಿ ಹಾಕದಿರುವುದಕ್ಕೆ ನಮ್ಮ ಸರ್ಕಾರ ಕೊಡುವ ಕಾರಣದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಭಾರತ ವಿಶ್ವಸಂಸ್ಥೆಗೆ ಕೊಟ್ಟ ವರದಿಯ ಪ್ರಕಾರ 2016ರಲ್ಲಿ ನಮ್ಮ ಮೀಥೇನಿನ ಸುಮಾರು ಶೇ 74ರಷ್ಟು ಬಂದದ್ದು ಕೃಷಿಯಿಂದ: ದನ, ಎಮ್ಮೆ, ಭತ್ತದ ಗದ್ದೆ. ಮಂಡ್ಯದ ರೈತನ ಗದ್ದೆಯನ್ನೂ ಟೆಕ್ಸಾಸ್‌ನ ತೈಲ ಕಂಪನಿಯ ಬಾವಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೆ ಈ ವಾದ ರೈತನನ್ನು ಕಾಯಲು ಹುಟ್ಟಿದ್ದು. ಅದರ ನೆರಳಿನಲ್ಲಿ ಗ್ಯಾಸ್ ಪೈಪ್‌ಲೈನ್ ಏಕೆ ಕೂರಬೇಕು? ಅದೇ ವರದಿಯಲ್ಲಿ ತ್ಯಾಜ್ಯದ ಪಾಲು ಸುಮಾರು ಶೇ 14, ಇಂಧನ ವಲಯದ್ದು ಶೇ 11ಕ್ಕೆ ಹತ್ತಿರ. ಫ್ಲ್ಯಾಂಜ್ ಬಿಗಿ ಮಾಡಲು ಯಾವ ರೈತನೂ ಹಸಿದಿರಬೇಕಾಗಿಲ್ಲ.

ತ್ಯಾಜ್ಯದ ಮಾತು ಬಂದದ್ದರಿಂದ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಬೆಂಗಳೂರಿನ ಮೀಥೇನ್ ಎಲ್ಲವೂ ಪೈಪಿನದಲ್ಲ. ವೈಟ್‌ಫೀಲ್ಡ್ ಆಚೆಗಿನ ಮಂಡೂರಿನಲ್ಲಿ ಕಸ ಸುರಿಯುವುದು ಜನರ ಹೋರಾಟದ ಬಳಿಕ 2014ರ ಕೊನೆಗೆ ನಿಂತಿತು. ಆದರೆ ಹೂತ ಹಸಿ ಕಸ ಸುರಿಯುವುದು ನಿಂತ ಮೇಲೂ ವರ್ಷಗಟ್ಟಲೆ ಮೀಥೇನ್ ಬಿಡುತ್ತದೆ. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದು ಸೈನಿಕರೂ ಬಂದು ಆರಿಸಬೇಕಾದಾಗ, ಕಸಕ್ಕೆ ಹಚ್ಚಿದ ಬೆಂಕಿಯೋ, ಒಣಗಿದ ಕಳೆಯೋ, ಕೊಳೆಯಿಂದೆದ್ದ ಮೀಥೇನೋ ಎಂದು ಊರೆಲ್ಲ ಚರ್ಚೆಯಾಯಿತು. ಅಂಥ ಚರ್ಚೆ ಅಳತೆ ಇದ್ದರೆ ಬೇಗ ಮುಗಿಯುತ್ತದೆ. ಮೇಲಿಂದ ಉಪಗ್ರಹ ನೋಡುತ್ತದಲ್ಲ ಎನ್ನಬಹುದು. ಯುರೋಪಿನ ಟ್ರೊಪೊಮಿ ಉಪಕರಣದ ಒಂದು ಚುಕ್ಕೆಯೇ ಹಲವು ಕಿಲೋಮೀಟರ್ ಅಗಲ. ಇಡೀ ಪೀಣ್ಯ ಅದಕ್ಕೆ ಒಂದೆರಡು ಚುಕ್ಕೆ. ಸೂಕ್ಷ್ಮವಾಗಿ ನೋಡಲೆಂದೇ 2024ರ ಮಾರ್ಚ್‌ನಲ್ಲಿ ಹಾರಿದ್ದ ಮೀಥೇನ್‌ಸ್ಯಾಟ್ 2025ರ ಜೂನ್‌ನಲ್ಲಿ ಸಂಪರ್ಕ ಕಳೆದುಕೊಂಡಿತು. ರಸ್ತೆಯ ಮಟ್ಟದ ಸೋರಿಕೆಗೆ ರಸ್ತೆಗೇ ಇಳಿಯಬೇಕು.

ಅಮೆರಿಕದಲ್ಲಿ ಹಾಗೆ ಇಳಿದವರಿದ್ದಾರೆ. ಗೂಗಲ್‌ನ ಸ್ಟ್ರೀಟ್ ವ್ಯೂ ಕಾರುಗಳಿಗೆ ಮೀಥೇನ್ ವಿಶ್ಲೇಷಕ ಕಟ್ಟಿ ಪರಿಸರ ಸಂಘಟನೆ ಇಡಿಎಫ್ ನಗರಗಳ ನಕ್ಷೆ ಮಾಡಿತು. ಹಳೆಯ ಕಬ್ಬಿಣದ ಪೈಪುಗಳಿರುವ ಬಾಸ್ಟನ್‌ನಲ್ಲಿ ಸುಮಾರು ಪ್ರತಿ ಮೈಲಿಗೊಂದು ಸೋರಿಕೆ, ಪೈಪು ಬದಲಿಸಿದ ಇಂಡಿಯಾನಾಪೊಲಿಸ್‌ನಲ್ಲಿ 200 ಮೈಲಿಗೊಂದು. ನಮ್ಮ ಜಾಲ ಹೊಸದು, ಬಡಾವಣೆಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಪೈಪು. ಆದ್ದರಿಂದ ನಾವು ಇಂಡಿಯಾನಾಪೊಲಿಸ್‌ನ ಸಾಲಿಗೆ ಸೇರುವ ಸಾಧ್ಯತೆಯೇ ಹೆಚ್ಚು ಎಂದು ನನ್ನ ಊಹೆ. ಒಳ್ಳೆಯದೇ. ಆದರೆ ಊಹೆಯನ್ನು ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೂ ಅಮೆರಿಕವೇ ಸಾಕ್ಷಿ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಅಲ್ಲಿನ ತೈಲ–ಅನಿಲ ವಲಯದ ಸೋರಿಕೆ ಒಟ್ಟು ಉತ್ಪಾದನೆಯ ಶೇ 2.3ರಷ್ಟಿದೆ, ಇದು ಸರ್ಕಾರಿ ಲೆಕ್ಕಕ್ಕಿಂತ ಸುಮಾರು ಶೇ 60ರಷ್ಟು ಹೆಚ್ಚು ಎಂದಿತು. ಸರ್ಕಾರದ್ದು ಸೂತ್ರ ಹಾಕಿ ಗುಣಿಸಿದ ಲೆಕ್ಕ, ಅಧ್ಯಯನದ್ದು ಹೋಗಿ ಅಳೆದ ಲೆಕ್ಕ.

ಈಗ ಉದ್ಯೋಗದ ಮಾತು. ಅನಿಲ ಶೋಧಕಗಳನ್ನು ತಯಾರಿಸುವ ಹನಿವೆಲ್, ಮೀಥೇನ್ ವಿಶ್ಲೇಷಕಗಳನ್ನು ತಯಾರಿಸುವ ಎಬಿಬಿ, ಇವುಗಳ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲಿವೆ. ಶೆಲ್ ಕಂಪನಿಯ ದೊಡ್ಡ ತಂತ್ರಜ್ಞಾನ ಕೇಂದ್ರ ವಿಮಾನ ನಿಲ್ದಾಣದ ಕಡೆಗಿದೆ. ಯುರೋಪಿನ ಕಾನೂನಿನಲ್ಲಿ ಬರೆದಿರುವಂತೆ 2027ರಿಂದ ಅಲ್ಲಿಗೆ ಅನಿಲ ಆಮದು ಮಾಡುವವರು, ಅದನ್ನು ತೆಗೆದ ದೇಶದಲ್ಲೂ ಸಮನಾದ ಅಳತೆ–ವರದಿ ವ್ಯವಸ್ಥೆ ಇದೆ ಎಂದು ತೋರಿಸಬೇಕು. ಅಷ್ಟು ದತ್ತಾಂಶವನ್ನು ಯಾರೋ ಸಂಗ್ರಹಿಸಬೇಕು, ಯಾರೋ ಸಾಫ್ಟ್‌ವೇರ್ ಬರೆಯಬೇಕು. ಅದರಲ್ಲಿ ಒಂದು ಪಾಲು ಇದೇ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಬರುವ ಕೆಲಸ. ನಾಳೆ ನಮ್ಮಲ್ಲೊಬ್ಬರು ಹದಿನೈದನೇ ಮಹಡಿಯಲ್ಲಿ ಕುಳಿತು ನಾರ್ವೆಯ ಕವಾಟವೊಂದರ ಸೋರಿಕೆಯನ್ನು ಪರದೆಯ ಮೇಲೆ ನೋಡುತ್ತಿರಬಹುದು, ಕಟ್ಟಡದ ಬುಡದಲ್ಲೇ ಹಾದುಹೋದ ಪೈಪಿನ ಬಗ್ಗೆ ಏನೂ ಗೊತ್ತಿಲ್ಲದೆ. ಬೇರೆಯವರ ಕಾನೂನಿಗೆ ಕೋಡ್ ಬರೆಯುವ ಕೆಲಸ ಮಾತ್ರ ನಮಗೆ ಸಿಗುತ್ತದೆ. ಉಪಕರಣ ಹಿಡಿದು ಸ್ಥಳಕ್ಕೆ ಹೋಗುವ, ಡಿಪ್ಲೊಮಾ ಐಟಿಐ ಓದಿದವರಿಗೂ ಸಿಗಬಹುದಾದ ಎಲ್‌ಡಿಎಆರ್ ಕೆಲಸ ಇಲ್ಲಿ ಹುಟ್ಟಬೇಕಾದರೆ ಕಾನೂನು ಇಲ್ಲಿಯೇ ಬರಬೇಕು.

ಅದು ಒಮ್ಮೆಲೇ ದೊಡ್ಡದಾಗಿ ಬರಬೇಕಿಲ್ಲ. ನಿಯಂತ್ರಣ ಮಂಡಳಿ ನಗರ ಅನಿಲ ಸಂಸ್ಥೆಗಳ ಸೋರಿಕೆ ತಪಾಸಣೆಯ ಮಟ್ಟವನ್ನು ಇಳಿಸಿ, ಕಂಡದ್ದನ್ನು ಗ್ರಾಂ ಲೆಕ್ಕದಲ್ಲಿ ವರ್ಷಕ್ಕೊಮ್ಮೆ ಪ್ರಕಟಿಸಬೇಕು ಎಂದರೆ ಸಾಕು, ಆರಂಭಕ್ಕೆ. ಮೀಟರಿನಿಂದ ಆಚೆಗಿನ ಕಾರ್ಖಾನೆಯೊಳಗಿನ ಪೈಪಿನ ವಿಷಯವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ತನ್ನ ಅನುಮತಿ ಪತ್ರದ ಷರತ್ತುಗಳಲ್ಲಿ ಸೇರಿಸಬಹುದು. ಸಣ್ಣ ಘಟಕಗಳ ತಲೆಯ ಮೇಲೆ ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ ಹೊರಿಸಬಾರದು. ಇಡೀ ಕೈಗಾರಿಕಾ ಪ್ರದೇಶಕ್ಕೆ ಒಂದೆರಡು ಉಪಕರಣ, ತರಬೇತಾದ ಒಂದು ತಂಡ ಇದ್ದು ಪಾಳಿಯ ಮೇಲೆ ಬಂದು ಹೋದರೆ ಆಯಿತು. ದಿನನಿತ್ಯಕ್ಕೆ ಸೋಪಿನ ನೀರೇ ಇರಲಿ, ಪಕ್ಕದಲ್ಲಿ ಒಂದು ಪುಸ್ತಕವೂ ಇರಲಿ.

ನಾವು ವಿದ್ಯಾರ್ಥಿಗಳು ಅಷ್ಟರವರೆಗೆ ಕಾಯಬೇಕೆಂದೇನೂ ಇಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತದೆ. ಮುಂದಿನ ಬಾರಿ ‘ಗ್ಯಾಸ್ ಲೀಕೇಜ್ ಡಿಟೆಕ್ಷನ್’ ಎಂಬ ಅದೇ ಹಳೆಯ ಶೀರ್ಷಿಕೆಗೆ ಬದಲು, ಒಂದು ಕಿಲೋಮೀಟರ್ ರಸ್ತೆಯ ಮೀಥೇನ್ ನಕ್ಷೆ ಎಂದು ಅರ್ಜಿ ಹಾಕಿ ನೋಡಬಹುದು. ಲೇಸರ್ ಉಪಕರಣವನ್ನು ಬಾಡಿಗೆಗೆ ಅಥವಾ ಯಾವುದಾದರೂ ಪ್ರಯೋಗಾಲಯದಿಂದ ಎರವಲು ತರಬೇಕು. ಅಗ್ಗದ ಎಂಕ್ಯೂ-4 ಸೆನ್ಸರುಗಳನ್ನು ಅದರ ಪಕ್ಕ ಇಟ್ಟು, ಮಳೆಯಲ್ಲಿ ಬಿಸಿಲಲ್ಲಿ ಎಷ್ಟು ತಪ್ಪು ಹೇಳುತ್ತವೆ ಎಂದು ತೂಗಬೇಕು. ಬೆಳಿಗ್ಗೆ ಗಾಳಿ ಕಡಿಮೆ ಇರುವಾಗ ನಡೆಯಬೇಕು. ಚರಂಡಿಯ ಮೀಥೇನನ್ನೂ ಪೈಪಿನ ಮೀಥೇನನ್ನೂ ಬೇರೆ ಮಾಡಲು ಈಥೇನ್ ಇದೆಯೇ ಎಂದು ನೋಡಬೇಕು. ನೈಸರ್ಗಿಕ ಅನಿಲದಲ್ಲಿ ಈಥೇನ್ ಸಾಮಾನ್ಯವಾಗಿ ಇರುತ್ತದೆ, ಚರಂಡಿಯಲ್ಲಿ ಕೊಳೆತು ಹುಟ್ಟುವ ಅನಿಲದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪೈಪು ಎಲ್ಲಿ ಹಾದುಹೋಗಿದೆ ಎಂದು ತಿಳಿಯಲು ಅನಿಲ ಸಂಸ್ಥೆಯ ಸಹಕಾರ ಬೇಕು. ನಾವು ನಾಲ್ವರು ಮುಂದಿನ ಸೆಮಿಸ್ಟರ್‌ಗೆ ಇದನ್ನೇ ಬರೆದು ಕೊಡುವವರಿದ್ದೇವೆ. ಪೀಣ್ಯದ ಎರಡನೇ ಹಂತದಲ್ಲಿ, ಇಸ್ಟ್ರ್ಯಾಕ್‌ಗೆ ಹತ್ತಿರದ ಯಾವುದಾದರೂ ರಸ್ತೆ ಆದೀತು ಎಂದು ಸದ್ಯದ ಯೋಚನೆ.